ಓದುವ ದನಿ ಯಾರದು?

2008ನೆಯ ಇಸವಿಯ ಜನವರಿ 31ರಂದು ಅಮೆರಿಕದ ಅಮೆಜಾನ್ ಸಂಸ್ಥೆಯು ಒಂದು ಪ್ರಕಟಣೆಯನ್ನು ಹೊರಡಿಸಿತು. ಆಡಿಬಲ್ ಎಂಬ ಕಂಪನಿಯನ್ನು ಪ್ರತಿ ಷೇರಿಗೆ 11 ಡಾಲರ್ 50 ಸೆಂಟಿನ ದರದಲ್ಲಿ, ಒಟ್ಟು ಸುಮಾರು 30 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಅದರಲ್ಲಿ ತಿಳಿಸಲಾಗಿತ್ತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಆ ವ್ಯವಹಾರ ಪೂರ್ಣಗೊಂಡಿತು. ದೊಡ್ಡ ಕಂಪನಿ ಸಣ್ಣ ಕಂಪನಿಯನ್ನು ಕೊಳ್ಳುವುದು ವಾಣಿಜ್ಯ ಲೋಕದಲ್ಲಿ ಪ್ರತಿದಿನವೂ ನಡೆಯುವ ಸಂಗತಿ. ಪತ್ರಿಕೆಯ ವ್ಯಾಪಾರದ ಪುಟದಲ್ಲಿ ಬಂದು ಮರುದಿನವೇ ಮರೆತುಹೋಗುವ ಸುದ್ದಿ ಅದು. ಆದರೆ ಅಂದು ಮಾರಾಟವಾದ ವಸ್ತು ಯಾವುದೆಂಬುದನ್ನು ನಾವು ಸ್ವಲ್ಪ ನಿಂತು ಯೋಚಿಸಬೇಕು. ಆಡಿಬಲ್ ಕಂಪನಿಯ ಬಳಿ ಕಾಗದವಿರಲಿಲ್ಲ, ಮುದ್ರಣಯಂತ್ರವಿರಲಿಲ್ಲ. ಅದರ ಬಳಿ ಇದ್ದುದು ಪುಸ್ತಕಗಳನ್ನು ಗಟ್ಟಿಯಾಗಿ ಓದಿದ ಮನುಷ್ಯರ ದನಿಗಳು. ಪುಸ್ತಕ, ಪತ್ರಿಕೆ, ಉಪನ್ಯಾಸಗಳೆಲ್ಲ ಸೇರಿ ಎಂಬತ್ತು ಸಾವಿರಕ್ಕೂ ಹೆಚ್ಚು ಧ್ವನಿಮುದ್ರಣಗಳು ಆಗ ಅದರ ಭಂಡಾರದಲ್ಲಿದ್ದವು.

ಹಾಗಾದರೆ, ಒಬ್ಬರು ಮತ್ತೊಬ್ಬರಿಗಾಗಿ ಓದುವ ದನಿಯನ್ನು ಕೊಳ್ಳಬಹುದೇ? ಕೊಂಡವರಿಗೆ ಅದರ ಮೇಲೆ ಎಷ್ಟು ಅಧಿಕಾರ? ಕೇಳುವವರ ಪಾಲಿಗೆ ಉಳಿಯುವುದೇನು? ಈ ಪ್ರಶ್ನೆಗಳು ನನಗೆ ಕೇವಲ ಕುತೂಹಲದವಲ್ಲ. ನನ್ನ ಅಕ್ಕ ಮೂವತ್ತೈದು ವರ್ಷ ಶಾಲಾ ಶಿಕ್ಷಕಿಯಾಗಿದ್ದವರು. ನಿವೃತ್ತಿಯ ಬಳಿಕ ಸಕ್ಕರೆ ಕಾಯಿಲೆಯಿಂದ ಅವರ ಎರಡೂ ಕಣ್ಣುಗಳ ದೃಷ್ಟಿ ಮಂಜಾಗಿ, ಈಗ ಮುದ್ರಿತ ಅಕ್ಷರ ಅವರಿಗೆ ಕಾಣುವುದಿಲ್ಲ. ಬದುಕೆಲ್ಲ ಪುಸ್ತಕಗಳ ನಡುವೆ ಕಳೆದವರಿಗೆ ಇಂದು ಪುಸ್ತಕವೆಂದರೆ ಕಿವಿಗೆ ಬೀಳುವುದು ಮಾತ್ರ. ಆದ್ದರಿಂದ ಓದುವ ದನಿ ಯಾರ ಕೈಯಲ್ಲಿದೆ ಎಂಬುದು ನಮ್ಮ ಮನೆಯ ಪ್ರಶ್ನೆಯೂ ಆಗಿದೆ.

ಧ್ವನಿಪುಸ್ತಕದ ಚರಿತ್ರೆಯನ್ನು ನೋಡಿದರೆ, ಅದು ಹುಟ್ಟಿದ್ದು ಅಂಗಡಿಯಲ್ಲಲ್ಲ, ಕಾಣದವರ ಅಗತ್ಯದಲ್ಲಿ. ಅಮೆರಿಕದಲ್ಲಿ 1931ರಲ್ಲಿ ಅಂಧರಿಗೆ ಪುಸ್ತಕ ಒದಗಿಸಲು ಒಂದು ಕಾನೂನು ರಚನೆಯಾಯಿತು. 1934ರಿಂದ ಅಲ್ಲಿನ ಸಂಸತ್ತಿನ ಗ್ರಂಥಾಲಯದ ಯೋಜನೆಯಡಿ ಗ್ರಾಮಫೋನ್ ತಟ್ಟೆಗಳಲ್ಲಿ 'ಮಾತನಾಡುವ ಪುಸ್ತಕ'ಗಳು ಅಂಧರ ಮನೆಗಳಿಗೆ ತಲುಪತೊಡಗಿದವು. ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಹದಿನೈದು ನಿಮಿಷದ ಓದು ಮಾತ್ರ ಹಿಡಿಯುತ್ತಿತ್ತು. ಒಂದು ಕಾದಂಬರಿ ಮುಗಿಯಬೇಕಾದರೆ ತಟ್ಟೆಗಳ ದೊಡ್ಡ ಕಟ್ಟೇ ಬೇಕಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಪ್ರೇರಣೆಯಾದವರು ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರು. ಅವರಲ್ಲೊಬ್ಬರಾದ ಇಯಾನ್ ಫ್ರೇಸರ್ ಸೊಮ್ ಕದನದಲ್ಲಿ ದೃಷ್ಟಿ ಕಳೆದುಕೊಂಡು, ಮುಂದೆ ಅಂಧ ಸೈನಿಕರ ಸಂಸ್ಥೆಯ ಹೊಣೆ ಹೊತ್ತರು. 1935ರ ನವೆಂಬರಿನಲ್ಲಿ ಅಲ್ಲಿ ಮೊದಲ ಧ್ವನಿಪುಸ್ತಕಗಳು ಅಂಚೆಯಲ್ಲಿ ಹೊರಟಾಗ ಅಗಾಥಾ ಕ್ರಿಸ್ಟಿಯ ಒಂದು ಪತ್ತೇದಾರಿ ಕಾದಂಬರಿ ಮತ್ತು ಜೋಸೆಫ್ ಕಾನ್ರಾಡರ ಒಂದು ಕಡಲ ಕಥೆಯ ಜೊತೆಗೆ ಸಂತ ಯೊವಾನ್ನರ ಶುಭಸಂದೇಶವೂ ಇತ್ತು. ಅಂದು ಈ ತಟ್ಟೆಗಳನ್ನು ಯಾರೂ ಮಾರಲಿಲ್ಲ. ಗ್ರಂಥಾಲಯದಿಂದ ಎರವಲು ಕೊಟ್ಟು ಹಿಂದಕ್ಕೆ ಪಡೆಯುತ್ತಿದ್ದರು.

ಇದನ್ನು ಮಾರುಕಟ್ಟೆಗೆ ತಂದದ್ದು ಕ್ಯಾಸೆಟ್. 1975ರಲ್ಲಿ ಕ್ಯಾಲಿಫೋರ್ನಿಯಾದ ಡುವಾಲ್ ಹೆಕ್ಟ್ ಎಂಬುವರು ಪ್ರತಿದಿನ ಕಚೇರಿಗೆ ಕಾರಿನಲ್ಲಿ ಹೋಗಿಬರುವ ದೀರ್ಘ ಸಮಯ ವ್ಯರ್ಥವಾಗುವುದನ್ನು ಕಂಡು, ಪೂರ್ಣ ಪುಸ್ತಕಗಳನ್ನು ಕ್ಯಾಸೆಟ್ಟಿಗೆ ಓದಿಸಿ ಅಂಚೆಯ ಮೂಲಕ ಬಾಡಿಗೆಗೆ ಕೊಡುವ ಕಂಪನಿಯನ್ನು ಆರಂಭಿಸಿದರು. ಹೀಗೆ ಕಣ್ಣಿಲ್ಲದವರಿಗಾಗಿ ಹುಟ್ಟಿದ್ದು ಬಿಡುವಿಲ್ಲದವರ ಬಳಿಗೂ ಬಂದಿತು.

ಆಡಿಬಲ್ ಕಂಪನಿಯನ್ನು 1995ರಲ್ಲಿ ಸ್ಥಾಪಿಸಿದವರು ಡಾನ್ ಕಾಟ್ಜ್. ಅವರು ಮೂಲತಃ ವ್ಯಾಪಾರಿಯಲ್ಲ, ಪತ್ರಕರ್ತ ಮತ್ತು ಲೇಖಕ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕರಿಯ ಜನಾಂಗದ ಶ್ರೇಷ್ಠ ಕಾದಂಬರಿಕಾರ ರಾಲ್ಫ್ ಎಲಿಸನ್ ಅವರ ಗುರುವಾಗಿದ್ದರು. ಬಾಯಿಮಾತಿನ ಕಥನ ಪರಂಪರೆಯ ಮೇಲಿನ ಪ್ರೀತಿಯನ್ನು ತಾನು ಆ ಗುರುವಿನಿಂದ ಪಡೆದುದಾಗಿ ಕಾಟ್ಜ್ ಹೇಳಿಕೊಂಡಿದ್ದಾರೆ. 1987ರಲ್ಲಿ ಅವರು ಬರೆದ ಒಂದು ದೊಡ್ಡ ಗ್ರಂಥದ ವಸ್ತು ಸಿಯರ್ಸ್ ಎಂಬ ಬೃಹತ್ ಮಳಿಗೆಯ ಸಂಕಷ್ಟದ ಕಥೆ. ಒಂದು ಕಾಲದಲ್ಲಿ ಅಮೆರಿಕದ ಮನೆಮನೆಗೂ ಅಂಚೆಯ ಮೂಲಕ ಸಾಮಾನು ಕಳುಹಿಸುತ್ತಿದ್ದ ಅಂಗಡಿ ಅದು. ಆ ಕಥೆಯನ್ನು ಬರೆದವರೇ ಇಪ್ಪತ್ತೊಂದು ವರ್ಷಗಳ ಬಳಿಕ ತಮ್ಮ ಕಂಪನಿಯನ್ನು ಹೊಸ ಕಾಲದ ಬೃಹತ್ ಮಳಿಗೆಗೆ ಒಪ್ಪಿಸಿದರು.

ನಡುವಿನ ದಾರಿ ಸುಗಮವಾಗಿರಲಿಲ್ಲ. 1997ರ ಕೊನೆಯ ಹೊತ್ತಿಗೆ ಆಡಿಬಲ್ ಒಂದು ಪುಟ್ಟ ಯಂತ್ರವನ್ನು ತಂದಿತು. ಬೆಲೆ ಸುಮಾರು 200 ಡಾಲರ್. ಅದರಲ್ಲಿ ಹಿಡಿಯುತ್ತಿದ್ದುದು ಎರಡು ಗಂಟೆಗಳ ಓದು ಮಾತ್ರ. ಅಂತರಜಾಲದಿಂದ ಧ್ವನಿಯನ್ನು ಇಳಿಸಿಕೊಂಡು ಕಿಸೆಯಲ್ಲಿಟ್ಟು ನಡೆಯಬಹುದೆಂಬ ಕಲ್ಪನೆಯೇ ಜನರಿಗೆ ಹೊಸದಾಗಿದ್ದ ಕಾಲವದು. ಆಪಲ್ ಸಂಸ್ಥೆಯ ಐಪಾಡ್ ಬಂದದ್ದು 2001ರ ಅಕ್ಟೋಬರಿನಲ್ಲಿ. 1999ರಲ್ಲಿ ಆಡಿಬಲ್ ಷೇರು ಮಾರುಕಟ್ಟೆಗೆ ಹೋಯಿತು. ಮರುವರ್ಷವೇ ಅಂತರಜಾಲ ಕಂಪನಿಗಳ ಗುಳ್ಳೆ ಒಡೆದಾಗ ಅದರ ಷೇರಿನ ಬೆಲೆಯೂ ನೆಲ ಕಚ್ಚಿತು. 2003ರಲ್ಲಿ ಆಪಲ್‌ನ ಐಟ್ಯೂನ್ಸ್ ಮಳಿಗೆಗೆ ಧ್ವನಿಪುಸ್ತಕಗಳನ್ನು ಒದಗಿಸುವ ಒಪ್ಪಂದವಾದ ಮೇಲೆಯೇ ಅದು ಚೇತರಿಸಿಕೊಂಡಿತು. 2007ರಲ್ಲಿ ಕಂಪನಿ ತನ್ನ ಕಚೇರಿಯನ್ನು ನ್ಯೂಜೆರ್ಸಿಯ ನ್ಯೂವರ್ಕ್ ನಗರಕ್ಕೆ, ಎಂದರೆ ಮಹಾನಗರವಾದ ನ್ಯೂಯಾರ್ಕಿಗಲ್ಲ, ಅದರ ಸಮೀಪದಲ್ಲಿರುವ ಪಟ್ಟಣಕ್ಕೆ ಸ್ಥಳಾಂತರಿಸಿತು. 1967ರ ಗಲಭೆಗಳ ಬಳಿಕ ಬಡತನ, ನಿರುದ್ಯೋಗಗಳಿಂದ ಬಳಲಿದ ಊರು ಅದು.

ಇನ್ನು ಅಮೆಜಾನ್ ಈ ಕಂಪನಿಯನ್ನು ಕೊಂಡದ್ದೇಕೆ? ಅಮೆಜಾನ್ ತನ್ನ ಅಂತರಜಾಲ ಪುಸ್ತಕದಂಗಡಿಯನ್ನು ತೆರೆದದ್ದೂ 1995ರಲ್ಲಿಯೇ. 2000ದಲ್ಲಿ ಅದು ಆಡಿಬಲ್‌ನಲ್ಲಿ ಸುಮಾರು ಶೇಕಡಾ 5ರಷ್ಟು ಪಾಲನ್ನು ಪಡೆಯಿತು. 2007ರ ಮೇ ತಿಂಗಳಲ್ಲಿ ಮಿಷಿಗನ್ ರಾಜ್ಯದ ಬ್ರಿಲಿಯನ್ಸ್ ಆಡಿಯೋ ಎಂಬ ಧ್ವನಿಪುಸ್ತಕ ಪ್ರಕಾಶನವನ್ನು ಕೊಂಡಿತು. ಅದೇ ವರ್ಷದ ನವೆಂಬರ್ 19ರಂದು ಕಿಂಡಲ್ ಎಂಬ ಓದುಯಂತ್ರವನ್ನು ಬಿಡುಗಡೆ ಮಾಡಿತು. ಕೆಲವೇ ತಿಂಗಳು ಕಳೆಯುವಷ್ಟರಲ್ಲಿ ಆಡಿಬಲ್ ಅದರದಾಯಿತು. ಕಾಗದದ ಪುಸ್ತಕ, ಪರದೆಯ ಪುಸ್ತಕ, ಕಿವಿಯ ಪುಸ್ತಕ, ಈ ಮೂರೂ ಒಂದೇ ಛಾವಣಿಯ ಕೆಳಗೆ ಬಂದವು.

ಇದರಿಂದ ಒಳಿತೇನೂ ಆಗಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಎಷ್ಟೋ ಸಲ ಕೊಂಡ ಕಂಪನಿಯನ್ನು ಮುಚ್ಚಿ ಹೆಸರನ್ನೇ ಅಳಿಸಿಬಿಡುವುದುಂಟು. ಆಡಿಬಲ್‌ಗೆ ಹಾಗಾಗಲಿಲ್ಲ. ಅದರ ಹೆಸರು ಉಳಿಯಿತು, ಕಚೇರಿ ನ್ಯೂವರ್ಕಿನಲ್ಲಿಯೇ ಉಳಿಯಿತು, ಕಾಟ್ಜ್ ಅವರೂ ಮತ್ತೆ ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಅದನ್ನು ಮುನ್ನಡೆಸಿದರು. 2011ರಲ್ಲಿ ಲೇಖಕರೂ ಓದುಗಕಲಾವಿದರೂ ನೇರವಾಗಿ ಕಲೆತು ಧ್ವನಿಪುಸ್ತಕ ತಯಾರಿಸುವ ಒಂದು ವೇದಿಕೆಯನ್ನು ಅದು ತೆರೆಯಿತು. ರಂಗಭೂಮಿಯಲ್ಲಿ ಕೆಲಸ ಸಿಗದೆ ಕುಳಿತಿದ್ದ ಅದೆಷ್ಟೋ ನಟನಟಿಯರಿಗೆ ಪುಸ್ತಕ ಓದುವುದೇ ಜೀವನೋಪಾಯವಾಯಿತು. 2012ರಲ್ಲಿ, ಕಿಂಡಲ್‌ನಲ್ಲಿ ಓದುತ್ತಿದ್ದ ಪುಟವನ್ನು ಅಲ್ಲಿಗೇ ಬಿಟ್ಟು ಅದೇ ಸಾಲಿನಿಂದ ಕೇಳುವುದನ್ನು ಮುಂದುವರಿಸುವ ಸೌಕರ್ಯ ಬಂದಿತು. ದೃಷ್ಟಿ ದಿನೇದಿನೇ ಕುಂದುತ್ತಿರುವವರಿಗೆ ಇದು ಎಂತಹ ಉಪಕಾರವೆಂಬುದನ್ನು ನಾನು ಬಲ್ಲೆ.

ಮತ್ತೊಂದು ಸಂಗತಿಯೂ ಉಂಟು. ನ್ಯೂವರ್ಕಿನಲ್ಲಿ 1930ರ ದಶಕದಲ್ಲಿ ಕಟ್ಟಿದ ಒಂದು ಪ್ರೆಸ್ಬಿಟೇರಿಯನ್ ದೇವಾಲಯ ಆರಾಧಕರಿಲ್ಲದೆ ಬಹಳ ಕಾಲ ಪಾಳುಬಿದ್ದಿತ್ತು. ಆಡಿಬಲ್ ಅದನ್ನು ದುರಸ್ತಿ ಮಾಡಿ, ಬಣ್ಣದ ಗಾಜಿನ ಕಿಟಕಿಗಳನ್ನು ಉಳಿಸಿಕೊಂಡು, 2019ರಲ್ಲಿ ತನ್ನ ತಂತ್ರಜ್ಞರ ಕಚೇರಿಯನ್ನಾಗಿ ತೆರೆಯಿತು. ಒಂದು ಕಾಲದಲ್ಲಿ ಪೀಠದ ಮೇಲೆ ನಿಂತು ಗ್ರಂಥವನ್ನು ಗಟ್ಟಿಯಾಗಿ ಓದುತ್ತಿದ್ದ, ಜನ ಕೂಡಿ ಕುಳಿತು ಕೇಳುತ್ತಿದ್ದ ಕಟ್ಟಡದಲ್ಲಿ ಇಂದು ಒಬ್ಬೊಬ್ಬರ ಕಿವಿಗೆ ಓದನ್ನು ತಲುಪಿಸುವ ಕೆಲಸ ನಡೆಯುತ್ತಿದೆ. ಕಟ್ಟಡ ಉರುಳಲಿಲ್ಲವೆಂದು ಸಂತೋಷಪಡಬೇಕೋ, ಕೂಡಿ ಕೇಳುವವರು ಇಲ್ಲವಾದರೆಂದು ವ್ಯಥೆಪಡಬೇಕೋ ನನಗೆ ತಿಳಿಯದು. ಎರಡೂ ಭಾವನೆಗಳು ಒಟ್ಟಿಗೇ ಬರುತ್ತವೆ.

ಆದರೆ ಒಂದೇ ಮನೆಯವರು ಅಂಗಡಿಯನ್ನೂ ಸರಕನ್ನೂ ದಾರಿಯನ್ನೂ ಹಿಡಿದುಕೊಂಡಾಗ ಕೆಲವು ತೊಡಕುಗಳು ಬಂದೇ ಬರುತ್ತವೆ. ಮೊದಲನೆಯದು ಸ್ವಾಮ್ಯದ ಪ್ರಶ್ನೆ. ನಾವು ಕಾಗದದ ಪುಸ್ತಕವನ್ನು ಕೊಂಡರೆ ಅದು ನಮ್ಮದು. ನೆರೆಮನೆಗೆ ಕೊಡಬಹುದು, ಧರ್ಮಕೇಂದ್ರದ ಗ್ರಂಥಾಲಯಕ್ಕೆ ದಾನ ಮಾಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಬೀಗ ಹಾಕಿದ ಧ್ವನಿಕಡತವನ್ನು ಹಾಗೆ ಕೈಬದಲಿಸಲಾಗದು. ಅಲ್ಲಿ ನಾವು ಹಣ ತೆರುವುದು ಕೇಳುವ ಅನುಮತಿಗೆ. 2009ರ ಜುಲೈ ತಿಂಗಳಲ್ಲಿ ಹಕ್ಕುಸ್ವಾಮ್ಯದ ತಕರಾರಿನ ಕಾರಣ ಜಾರ್ಜ್ ಆರ್ವೆಲ್ಲರ ಎರಡು ಕೃತಿಗಳ ಪ್ರತಿಗಳನ್ನು ಅಮೆಜಾನ್, ಹಣ ಕೊಟ್ಟು ಪಡೆದವರ ಕಿಂಡಲ್ ಯಂತ್ರಗಳಿಂದಲೇ ದೂರದಿಂದ ಅಳಿಸಿತು. ಹಣವನ್ನು ಹಿಂದಿರುಗಿಸಿತು, ಅದರ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆಯನ್ನೂ ಕೇಳಿದರು. ಆದರೂ ನಮ್ಮ ಕಪಾಟಿನಲ್ಲಿದೆಯೆಂದು ನಾವು ನಂಬಿದ ಪುಸ್ತಕದ ಕೀಲಿಕೈ ಬೇರೆಯವರ ಬಳಿ ಇದೆಯೆಂಬುದು ಅಂದು ಜನರಿಗೆ ಮನದಟ್ಟಾಯಿತು.

ಎರಡನೆಯದು ದುಡಿದವರ ಪಾಲು. 2011ರ ಆ ವೇದಿಕೆಯಲ್ಲಿ ಮೊದಲು ಗೌರವಧನ ಶೇಕಡಾ 50ರಿಂದ ಆರಂಭವಾಗಿ ಮಾರಾಟ ಹೆಚ್ಚಿದಂತೆ ಏರುತ್ತಿತ್ತು. 2014ರಲ್ಲಿ ಅದನ್ನು ಬದಲಿಸಿ, ತಮ್ಮಲ್ಲಿ ಮಾತ್ರ ಮಾರುವವರಿಗೆ ಶೇಕಡಾ 40, ಬೇರೆಡೆಯೂ ಮಾರುವವರಿಗೆ ಶೇಕಡಾ 25 ಎಂದು ನಿಗದಿಪಡಿಸಲಾಯಿತು. ಅಂಗಡಿ ಒಂದೇ ಆದಾಗ ಚೌಕಾಶಿ ಮಾಡುವ ಶಕ್ತಿ ಬರೆದವರಿಗೂ ಓದಿದವರಿಗೂ ಕಡಿಮೆಯಾಗುತ್ತದೆ. ಐಟ್ಯೂನ್ಸ್ ಜೊತೆಗೆ ಆಡಿಬಲ್‌ಗಿದ್ದ ಏಕಸ್ವಾಮ್ಯದ ಒಪ್ಪಂದವು ಯುರೋಪಿನ ಸ್ಪರ್ಧಾ ಪ್ರಾಧಿಕಾರಗಳ ಕಣ್ಣಿಗೆ ಬಿದ್ದು, 2017ರ ಜನವರಿಯಲ್ಲಿ ಕೊನೆಗೊಂಡಿತು.

ಮೂರನೆಯದು ನನ್ನ ಮನಸ್ಸನ್ನು ಹೆಚ್ಚು ಕಲಕಿದ ಸಂಗತಿ. 2009ರ ಫೆಬ್ರವರಿಯಲ್ಲಿ ಬಂದ ಎರಡನೆಯ ಕಿಂಡಲ್ ಯಂತ್ರಕ್ಕೆ, ಯಾವುದೇ ಪುಸ್ತಕವನ್ನು ಯಾಂತ್ರಿಕ ದನಿಯಲ್ಲಿ ಗಟ್ಟಿಯಾಗಿ ಓದುವ ಶಕ್ತಿಯಿತ್ತು. ಅಮೆರಿಕದ ಲೇಖಕರ ಸಂಘವು ಇದನ್ನು ವಿರೋಧಿಸಿತು. ದನಿಯ ಹಕ್ಕು ಬೇರೆ, ಅಕ್ಷರದ ಹಕ್ಕು ಬೇರೆ. ಯಂತ್ರವೇ ಓದಿದರೆ ಧ್ವನಿಪುಸ್ತಕವನ್ನು ಕೊಳ್ಳುವವರು ಯಾರು ಎಂಬುದು ಅವರ ವಾದ. ಅಮೆಜಾನ್ ಮಣಿದು, ಯಾವ ಪುಸ್ತಕ ಮಾತನಾಡಬೇಕು, ಯಾವುದು ಮೌನವಾಗಿರಬೇಕು ಎಂಬ ನಿರ್ಧಾರವನ್ನು ಹಕ್ಕುದಾರರಿಗೇ ಬಿಟ್ಟಿತು. ಏಪ್ರಿಲ್ 7ರಂದು ನ್ಯೂಯಾರ್ಕಿನಲ್ಲಿ ಲೇಖಕರ ಸಂಘದ ಕಚೇರಿಯ ಮುಂದೆ ಅಂಧರು ಬಿಳಿಯ ಕೋಲುಗಳನ್ನು ಹಿಡಿದು ಪ್ರತಿಭಟನೆಗೆ ನಿಂತರು. ಕಂಪನಿಯ ಲೆಕ್ಕ ಒಂದು ಕಡೆ, ಲೇಖಕರ ಹೊಟ್ಟೆಪಾಡು ಇನ್ನೊಂದು ಕಡೆ. ಯಾರಿಗಾಗಿ ಮಾತನಾಡುವ ಪುಸ್ತಕ ಮೊದಲು ಹುಟ್ಟಿತೋ ಅವರು ಇಬ್ಬರ ನಡುವೆ ಬೀದಿಯಲ್ಲಿ ನಿಲ್ಲಬೇಕಾಯಿತು.

ಗಟ್ಟಿಯಾಗಿ ಓದುವುದು ನಮ್ಮ ಧರ್ಮಸಭೆಗೆ ಹೊಸದೇನಲ್ಲ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇಥಿಯೋಪಿಯದ ಅಧಿಕಾರಿ ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದುದು ಫಿಲಿಪ್ಪನಿಗೆ ಕೇಳಿಸಿತು. ಗಟ್ಟಿಯಾಗಿ ಓದಿದ್ದರಿಂದಲೇ ಕೇಳಿಸಿತು. ಕೇಳಿಸಿದ್ದರಿಂದಲೇ ಸಂಭಾಷಣೆ ಆರಂಭವಾಯಿತು. ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಸಂತ ಆಂಬ್ರೋಸರು ತುಟಿಯಲುಗಿಸದೆ ಓದುವುದನ್ನು ಕಂಡು ಸಂತ ಅಗಸ್ಟೀನರು ವಿಸ್ಮಯಗೊಂಡು, ಅದರ ಕಾರಣವೇನಿರಬಹುದೆಂದು ತಮ್ಮ ಆತ್ಮನಿವೇದನೆಯಲ್ಲಿ ಚರ್ಚಿಸಿದ್ದಾರೆ. ಸಂತ ಬೆನೆಡಿಕ್ಟರ ನಿಯಮದಂತೆ ಮಠದ ಸನ್ಯಾಸಿಗಳು ಊಟಕ್ಕೆ ಕುಳಿತಾಗ ಒಬ್ಬರು ಓದಬೇಕು, ಉಳಿದವರು ಮೌನದಿಂದ ಆಲಿಸಬೇಕು. ಇಲ್ಲೆಲ್ಲ ಓದು ಎಂಬುದು ಒಬ್ಬರು ಮತ್ತೊಬ್ಬರಿಗೆ ಸಲ್ಲಿಸುವ ಸೇವೆ. ಓದುವವರಿಗೆ ಕೇಳುವವರ ಮುಖ ಕಾಣುತ್ತಿತ್ತು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಅಕ್ಕನ ಮಗ ನ್ಯೂಜೆರ್ಸಿಯಲ್ಲಿ ಉದ್ಯೋಗದಲ್ಲಿದ್ದಾನೆ. ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಆಡಿಬಲ್‌ನ ಪುಸ್ತಕಗಳನ್ನು ಕೇಳುವ ಅಭ್ಯಾಸ ಅವನಿಗಿದೆ. ತಾಯಿಯ ಕಣ್ಣು ಮಂಜಾದುದನ್ನು ತಿಳಿದು, ರಜೆಯಲ್ಲಿ ಮೈಸೂರಿಗೆ ಬಂದಾಗ ಅವರ ಫೋನಿನಲ್ಲಿಯೂ ಅದನ್ನು ಅಳವಡಿಸಿಕೊಟ್ಟನು. ಆಡಿಬಲ್ 2018ರ ನವೆಂಬರಿನಲ್ಲಿ ಭಾರತದಲ್ಲಿಯೂ ತನ್ನ ಮಳಿಗೆಯನ್ನು ತೆರೆದಿತ್ತು. ಅಕ್ಕ ಡಿಕನ್ಸನನ್ನೂ ಹಾರ್ಡಿಯನ್ನೂ ಮತ್ತೊಮ್ಮೆ ಕೇಳಿದರು. ಇಂಗ್ಲೆಂಡಿನ ನುರಿತ ನಟರ ಉಚ್ಚಾರಣೆಯನ್ನು ಬಾಯ್ತುಂಬ ಹೊಗಳಿದರು. ಕೆಲವು ವಾರಗಳಾದ ಮೇಲೆ ಒಂದು ಸಂಜೆ, "ಇದ್ರಲ್ಲಿ ಕಾರಂತರು ಸಿಗ್ತಾರೇನೋ? ತ್ರಿವೇಣಿ ಸಿಗ್ತಾರೇನೋ?" ಎಂದು ಕೇಳಿದರು. ನಾನು ಅವರು ಬಯಸಿದ ಪುಸ್ತಕಗಳನ್ನು ಹುಡುಕಿದೆ, ಅಂದು ದೊರೆಯಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಅಂಗಡಿ ಹೆಚ್ಚು ಮಾರಾಟವಾಗುವ ಸರಕನ್ನೇ ಮೊದಲು ತರಿಸುತ್ತದೆ. ಅದರ ಲೆಕ್ಕದಲ್ಲಿ ಕನ್ನಡದ ಸರದಿ ತಡವಾಗಿ ಬರುತ್ತದೆ. ಆದರೆ ಕಣ್ಣು ಮಂಜಾದ ಅರವತ್ತೆಂಟು ವರ್ಷದವರಿಗೆ ಸರದಿಗಾಗಿ ಕಾಯುವಷ್ಟು ಕಾಲವಿರುವುದಿಲ್ಲ.

ಹಾಗೆಂದು ಬಾಗಿಲುಗಳೆಲ್ಲ ಮುಚ್ಚಿಲ್ಲ. ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆ 1990ರಿಂದ ದೃಷ್ಟಿಹೀನರ ನಡುವೆ ದುಡಿಯುತ್ತಿದ್ದು, ಸ್ವಯಂಸೇವಕರ ದನಿಯಲ್ಲಿ ಮಾತನಾಡುವ ಪುಸ್ತಕಗಳ ಗ್ರಂಥಾಲಯವನ್ನು ಬೆಳೆಸಿದೆ. 2020ರಲ್ಲಿ ಬೆಂಗಳೂರಿನವರೇ ಆರಂಭಿಸಿದ ಮೈಲ್ಯಾಂಗ್ ಕನ್ನಡದ ಧ್ವನಿಪುಸ್ತಕಗಳನ್ನು ಹೊರತಂದಿತು. ಕಾನೂನೂ ನಮ್ಮ ಪರವಾಗಿದೆ. 2012ರಲ್ಲಿ ತಿದ್ದುಪಡಿಯಾದ ನಮ್ಮ ಹಕ್ಕುಸ್ವಾಮ್ಯ ಕಾಯಿದೆಯು, ಅಂಗವೈಕಲ್ಯದಿಂದ ಮುದ್ರಿತ ಪುಸ್ತಕವನ್ನು ಓದಲಾಗದವರಿಗೆ ಅದನ್ನು ಅವರಿಗೆ ಒಗ್ಗುವ ರೂಪಕ್ಕೆ ಪರಿವರ್ತಿಸಿಕೊಡಲು ಅವಕಾಶವಿತ್ತಿದೆ. 2013ರಲ್ಲಿ ಮೊರಾಕೊ ದೇಶದ ಮರಾಕೇಶಿನಲ್ಲಿ ಇದೇ ಉದ್ದೇಶದ ಅಂತರರಾಷ್ಟ್ರೀಯ ಒಪ್ಪಂದವಾದಾಗ ಅದನ್ನು ಅನುಮೋದಿಸಿದ ರಾಷ್ಟ್ರಗಳಲ್ಲಿ ಮೊತ್ತಮೊದಲನೆಯದು ನಮ್ಮ ಭಾರತ; ಅದು 2014ರಲ್ಲಿ. 2016ರ ಸೆಪ್ಟೆಂಬರ್ 30ರಂದು ಆ ಒಪ್ಪಂದ ಜಾರಿಗೆ ಬಂದಿತು. ಈ ವಿಷಯ ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲವೆಂಬುದೇ ವಿಷಾದ.

ಅಕ್ಕನ ಮನೆಯಲ್ಲಿ ಈಗ ನಡೆಯುತ್ತಿರುವ ಏರ್ಪಾಡು ಸರಳವಾದುದು. ಬುಧವಾರ, ಶನಿವಾರ ಸಂಜೆ ನಾನು ಹೋಗಿ ಒಂದು ಗಂಟೆ ಓದುತ್ತೇನೆ. ಹಿಂದಿನ ಬೀದಿಯಲ್ಲಿರುವ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಭಾನುವಾರ ಪೂಜೆಯ ಬಳಿಕ ಬಂದು ಪತ್ರಿಕೆ ಓದಿ ಹೇಳುತ್ತಾಳೆ. ಅಕ್ಕ ಹಳೆಯ ಶಿಕ್ಷಕಿಯಾದ್ದರಿಂದ ಅವಳ ಅಲ್ಪಪ್ರಾಣ, ಮಹಾಪ್ರಾಣಗಳನ್ನು ತಿದ್ದದೆ ಬಿಡುವುದಿಲ್ಲ. ಉಳಿದ ದಿನಗಳಲ್ಲಿ ಫೋನು ಓದುತ್ತದೆ. ನಟರಷ್ಟು ಚೆನ್ನಾಗಿ ಓದಲು ನನಗೆ ಬಾರದೆಂದು ನಾನೊಮ್ಮೆ ಹೇಳಿದಾಗ ಅಕ್ಕ ನಕ್ಕು, "ಅವರು ಚೆನ್ನಾಗೇ ಓದ್ತಾರೆ ಕಣೋ. ಆದ್ರೆ ನನಗೆ ನಿದ್ದೆ ಬಂದ್ರೂ ಓದ್ತಾನೇ ಇರ್ತಾರೆ. ನೀನಾದ್ರೆ ನಿಲ್ಲಿಸಿ ಹೊದಿಕೆ ಹೊದಿಸ್ತೀಯ" ಎಂದರು.

ಧ್ವನಿಪುಸ್ತಕದ ವ್ಯಾಪಾರ ಇನ್ನೂ ಬದಲಾಗುತ್ತಿದೆ. 2023ರಿಂದ ಅಮೆಜಾನ್, ಮನುಷ್ಯರೇ ಇಲ್ಲದೆ ಕೃತಕ ಬುದ್ಧಿಮತ್ತೆಯ ದನಿಯಲ್ಲಿ ಲೇಖಕರು ತಮ್ಮ ಪುಸ್ತಕಗಳನ್ನು ಓದಿಸಿಕೊಳ್ಳುವ ವ್ಯವಸ್ಥೆಯನ್ನು ಅಮೆರಿಕದಲ್ಲಿ ಪ್ರಯೋಗಕ್ಕೆ ತಂದಿತು. 2008ರಲ್ಲಿ 30 ಕೋಟಿ ಡಾಲರ್ ತೆತ್ತು ಕೊಂಡದ್ದು ಮನುಷ್ಯರ ದನಿಗಳ ಭಂಡಾರವನ್ನು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಮನುಷ್ಯನ ದನಿಯೇ ಬೇಡವೆನ್ನಬಹುದಾದ ಕಾಲ ಬಂದಿತು. ಸಣ್ಣ ಭಾಷೆಗಳ ಎಷ್ಟೋ ಪುಸ್ತಕಗಳಿಗೆ ಇದರಿಂದಲೇ ದನಿ ಬರಬಹುದು. ಆಗ ಅದನ್ನು ಕೃತಜ್ಞತೆಯಿಂದ ಸ್ವೀಕರಿಸೋಣ. ಓದಿ ಬದುಕುತ್ತಿದ್ದವರ ಅನ್ನ ಅದರಿಂದ ಹೋಗಬಹುದು, ಅದನ್ನೂ ಮರೆಯದಿರೋಣ.

ಕಂಪನಿಗಳು ಧ್ವನಿಮುದ್ರಣವನ್ನು ಕೊಳ್ಳಬಹುದು, ಅದಕ್ಕೆ ಬೀಗ ಹಾಕಬಹುದು, ಬೆಲೆ ಕಟ್ಟಬಹುದು. ಅವರು ಕಟ್ಟಿದ ಅಂಗಡಿಯಿಂದ ನಮಗೆ ಬೇಕಾದುದನ್ನು ತರುವುದರಲ್ಲಿ ತಪ್ಪಿಲ್ಲ. ಆದರೆ ಅಂಗಡಿಯಲ್ಲಿ ಸಿಗದುದನ್ನು ಓದಿ ಕೇಳಿಸುವ ಹೊಣೆ ನಮ್ಮ ಮೇಲೆಯೇ ಉಳಿದಿದೆ. ಪ್ರತಿ ಧರ್ಮಕೇಂದ್ರದಲ್ಲಿಯೂ ದೃಷ್ಟಿ ಮಂಜಾಗಿ ಪುಸ್ತಕವನ್ನು ಬದಿಗಿಟ್ಟಿರುವ ಹಿರಿಯರು ಒಬ್ಬರಾದರೂ ಇದ್ದೇ ಇರುತ್ತಾರೆ. ಭಾನುವಾರ ಪೀಠದಲ್ಲಿ ವಾಚನ ಓದುವ ನಮ್ಮ ಯುವಕ ಯುವತಿಯರು ವಾರಕ್ಕೊಂದು ಗಂಟೆ ಅಂತಹ ಒಂದು ಮನೆಗೆ ಹೋಗಬಲ್ಲರು. ಏನು ಓದಬೇಕೆಂದು ಅವರು ಮೊದಲೇ ಆಲೋಚಿಸಬೇಕಾಗಿಲ್ಲ. ಆ ಹಿರಿಯರನ್ನು ಕೇಳಿದರೆ ಸಾಕು. ಕೊನೆಯ ಬಾರಿ ಓದುತ್ತಿದ್ದಾಗ ಯಾವ ಪುಟಕ್ಕೆ ನಿಲ್ಲಿಸಿದ್ದರೆಂಬುದು ಅವರಿಗೆ ಚೆನ್ನಾಗಿ ನೆನಪಿರುತ್ತದೆ.